ಓಟಕ್ಕೆ ಅಡ್ಡಿ ಇಲ್ಲ, ಕಟ್ಟಲು ಎತ್ತೇ ಇಲ್ಲ!

* ದುಬಾರಿಯಾಯ್ತು ಜೋಡೆತ್ತಿನ ಸಾಕಣೆ * ಬೇಲಿ ಆಚೆ ಉಳಿದ ಸಣ್ಣ ರೈತ

ತಾಳವಾಡಿ: ಎತ್ತಿನ ಗಾಡಿ ಓಟಕ್ಕಿದ್ದ ಕೋರ್ಟಿನ ತೊಡಕು ನಿವಾರಣೆಯಾಗಿದೆ. ಆದರೆ ಗಾಡಿಗೆ ಕಟ್ಟಲು ಜೋಡೆತ್ತು ಮಾತ್ರ ರೈತರ ಕೊಟ್ಟಿಗೆಯಲ್ಲಿ ಕಾಣುತ್ತಿಲ್ಲ. ಉಳಿಸಿಕೊಂಡವರಿಗೂ ಸಾಕುವ ಖರ್ಚು ಕೈ ಸುಡುತ್ತಿದೆ. ಉಳುವ ಎತ್ತನ್ನೇ ನೇಗಿಲಿನಿಂದ ಬಿಚ್ಚಿ ಓಟದ ಗಾಡಿಗೆ ಹೂಡುತ್ತಿದ್ದ ಸಣ್ಣ ರೈತ ಈಗ ಬೇಲಿ ಆಚೆ ನಿಂತು ನೋಡುವ ಪ್ರೇಕ್ಷಕನಾಗಿದ್ದಾನೆ.

ಈರೋಡ್ ಜಿಲ್ಲೆಗೆ ಸೇರಿದರೂ ಕನ್ನಡವನ್ನೇ ಉಸಿರಾಡುವ ಸೀಮೆ ತಾಳವಾಡಿ. ಡಾ. ರಾಜ್‌ಕುಮಾರ್ ಅವರ ಗಾಜನೂರು ಇರುವುದು ಇಲ್ಲೇ. ಒಂದು ಕಡೆ ಚಾಮರಾಜನಗರ, ಇನ್ನೊಂದು ಕಡೆ ದಿಂಬಂ ಘಾಟಿಯ 27 ತಿರುವು ಇಳಿದರೆ ಬಣ್ಣಾರಿ, ಸತ್ಯಮಂಗಲ. ಮೇಲೆ ಮೈಸೂರು, ಮಂಡ್ಯ ಸೀಮೆಯಲ್ಲಿ ಹಳ್ಳಿಕಾರ್ ಎತ್ತುಗಳ ಗಾಡಿ ಓಟ. ಕೆಳಗೆ ಕೊಂಗು ನಾಡಿನಲ್ಲಿ ಕಾಂಗೇಯಂ ಎತ್ತುಗಳ ರೇಕ್ಲಾ. ಎರಡೂ ಕಡೆ ನೆಂಟರಿರುವ ಬೆಟ್ಟದ ಜನಕ್ಕೆ ಎರಡೂ ಆಟ ಹೊಸದಲ್ಲ.

ಇಲ್ಲಿ ದನವೆಂದರೆ ಬರೀ ದುಡಿಮೆಯಲ್ಲ, ಹಬ್ಬವೂ ಹೌದು. ದೀಪಾವಳಿ ಮುಗಿದ ಬಳಿಕ ಗುಮಟಾಪುರದಲ್ಲಿ ನಡೆಯುವ ಗೊರೆಹಬ್ಬಕ್ಕೆ ದನ ಕಟ್ಟಿದ ಮನೆಗಳಿಂದ ಬರುವ ಸಗಣಿಯೇ ಸಾಮಗ್ರಿ. ಸಂಕ್ರಾಂತಿಗೆ ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು ಮೆರೆಸುವುದು ಗಡಿಯ ಎರಡೂ ಬದಿಯ ವಾಡಿಕೆ.

ಬಂದ್ ಆಗಿದ್ದು, ಬಿಟ್ಟಿದ್ದು

2011ರ ಜುಲೈನಲ್ಲಿ ಕೇಂದ್ರ ಪರಿಸರ ಸಚಿವಾಲಯವು ಪ್ರದರ್ಶನಕ್ಕೆ ಬಳಸಬಾರದ ಪ್ರಾಣಿಗಳ ಪಟ್ಟಿಗೆ ಹೋರಿಯನ್ನು ಸೇರಿಸಿತು. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಎತ್ತಿನ ಗಾಡಿ ಓಟ ಎರಡಕ್ಕೂ ತಡೆ ಹಾಕಿತು. 2017ರ ಜನವರಿಯಲ್ಲಿ ಚೆನ್ನೈ ಮರೀನಾ ಕಡಲತೀರದಲ್ಲಿ ನಡೆದ ಹೋರಾಟದ ಬಳಿಕ ತಮಿಳುನಾಡು ಜಲ್ಲಿಕಟ್ಟಿಗಾಗಿ ಕಾನೂನು ತಿದ್ದಿತು. ಕರ್ನಾಟಕವೂ ಅದೇ ವರ್ಷ ಕಂಬಳದ ಜತೆಗೆ ಎತ್ತಿನ ಗಾಡಿ ಓಟವನ್ನೂ ಹೆಸರಿಸಿ ತಿದ್ದುಪಡಿ ತಂದಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರದ ತಿದ್ದುಪಡಿಗಳನ್ನು ಎತ್ತಿಹಿಡಿಯಿತು.

ಕಾನೂನಿನ ಗೊಂದಲ ಮುಗಿಯಲು ಹಿಡಿದದ್ದು ಒಂಬತ್ತು ವರ್ಷ. ಅಷ್ಟರಲ್ಲಿ ಹಳ್ಳಿಗಳಲ್ಲಿ ನೊಗ ಅಟ್ಟಕ್ಕೇರಿತ್ತು.

ಹೊಲ ಹೊರುತ್ತಿದ್ದ ಖರ್ಚು

ಮೊದಲು ಎತ್ತಿನ ಮೇವಿನ ಲೆಕ್ಕ ಯಾರೂ ಇಡುತ್ತಿರಲಿಲ್ಲ. ಮುಂಗಾರು ಬಿದ್ದರೆ ಉಳುಮೆ, ಪೈರು ಬಂದರೆ ಕುಂಟೆ, ಸುಗ್ಗಿಯಲ್ಲಿ ಕಣದ ಕೆಲಸ, ಸಂತೆಗೆ ಗಾಡಿ, ತಿಪ್ಪೆಗೆ ಗೊಬ್ಬರ. ರಾಗಿ ಹುಲ್ಲು, ಜೋಳದ ಕಡ್ಡಿ ಹೊಲದಲ್ಲೇ ಸಿಗುತ್ತಿತ್ತು. ವರ್ಷಪೂರ್ತಿ ದುಡಿದ ಎತ್ತು ಜಾತ್ರೆ ದಿನ ಓಡುತ್ತಿತ್ತು. ಓಟಕ್ಕೆಂದು ಬೇರೆ ಖರ್ಚು ಇರಲಿಲ್ಲ.

ಈಗ ಹಾಗಿಲ್ಲ. ಚೆಂಡುಹೂ, ಎಲೆಕೋಸು, ಟೊಮೆಟೊ, ಬಾಳೆ ಬೆಳೆಯುವ ಹೊಲಗಳಲ್ಲಿ ಟ್ರ್ಯಾಕ್ಟರ್ ಓಡಾಡುತ್ತಿದೆ. ಬಾಡಿಗೆ ಕೊಟ್ಟರೆ ಒಂದೆರಡು ಗಂಟೆಯಲ್ಲಿ ಉಳುಮೆ ಮುಗೀತು. ಡೇರಿಗೆ ಹಾಲು ಹಾಕಲು ಸೀಮೆಹಸು ಬಂತು. ಅದರ ಹೋರಿಕರು ಉಳುಮೆಗೂ ಆಗದು, ಓಟಕ್ಕೂ ಆಗದು.

ದೇಶದ ಅಂಕಿಅಂಶವೂ ಇದನ್ನೇ ಹೇಳುತ್ತದೆ. 2012ರ ಜಾನುವಾರು ಗಣತಿಯಲ್ಲಿ ಸುಮಾರು 6.79 ಕೋಟಿ ಇದ್ದ ಗಂಡು ದನಗಳು 2019ರ ಗಣತಿ ವೇಳೆಗೆ 4.74 ಕೋಟಿಗೆ ಇಳಿದವು. ಏಳೇ ವರ್ಷದಲ್ಲಿ ಶೇ 30ರಷ್ಟು ಕುಸಿತ! ಇದೇ ಅವಧಿಯಲ್ಲಿ ಹೆಣ್ಣು ದನಗಳ ಸಂಖ್ಯೆ ಶೇ 18ರಷ್ಟು ಏರಿದೆ. ಹಾಲು ಕೊಡುವುದು ಉಳಿಯಿತು, ನೊಗ ಹೊರುವುದು ಹೋಯಿತು.

ಓಟದ ಎತ್ತಿನ ಲೆಕ್ಕವೇ ಬೇರೆ

ಲೆಕ್ಕ ಹಾಕಿ ನೋಡಿ. ನಾನೂರು ಕಿಲೋ ತೂಗುವ ಒಂದು ಎತ್ತಿಗೆ ದಿನಕ್ಕೆ ಕಡಿಮೆ ಎಂದರೂ ಹತ್ತು ಕಿಲೋ ಒಣಮೇವು ಬೇಕು. ಜೋಡಿಗೆ ಇಪ್ಪತ್ತು ಕಿಲೋ. ವರ್ಷಕ್ಕೆ ಏಳು ಟನ್ ದಾಟುತ್ತದೆ. ಇದು ಬರೀ ಹುಲ್ಲು. ಓಟದ ಎತ್ತು ಅಂದ ಮೇಲೆ ಹುರುಳಿ, ಹಿಂಡಿ, ಹತ್ತಿಕಾಳು, ಬೂಸಾ ಬೇಕೇ ಬೇಕು. ಹಾಲು, ಮೊಟ್ಟೆ ಕುಡಿಸುವವರೂ ಇದ್ದಾರೆ. ಲಾಳ, ಹಗುರ ಗಾಡಿ, ದಿನಾ ನಡೆಸಿ ಪಳಗಿಸುವ ಆಳು, ಕಣಕ್ಕೆ ಸಾಗಿಸಲು ಗೂಡ್ಸ್ ಗಾಡಿ ಬಾಡಿಗೆ, ಪ್ರವೇಶ ಶುಲ್ಕ. ಇಷ್ಟೂ ಮಾಡಿ ಓಡುವುದು ಎಷ್ಟು? ಕೊಂಗು ನಾಡಿನ ರೇಕ್ಲಾದಲ್ಲಿ ಸಾಮಾನ್ಯವಾಗಿ 200 ಮೀಟರ್, ಇಲ್ಲವೇ 300 ಮೀಟರ್. ನಿಮಿಷವೂ ಹಿಡಿಯದ ಓಟ.

ಬಹುಮಾನ ಬೈಕು, ಚಿನ್ನ, ನಗದಿನ ಮಟ್ಟಕ್ಕೆ ಏರಿದೆ. ಗೆಲ್ಲುವ ಹಳ್ಳಿಕಾರ್ ಜೋಡಿಯ ಬೆಲೆ ಲಕ್ಷಗಳಲ್ಲೇ ಮಾತು. ಬಹುಮಾನ ಏರಿದಂತೆ ಓಟಕ್ಕೆಂದೇ ಎತ್ತು ಸಾಕುವ ಉಳ್ಳವರು ಬಂದರು. ಉಳುವ ಎತ್ತು ಅವುಗಳ ಮುಂದೆ ನಿಲ್ಲೋದು ಕಷ್ಟ. ಸೋತರೆ ಮೇವಿನ ದುಡ್ಡೂ ಹುಟ್ಟೋದಿಲ್ಲ. ಹೊಲ ಹೊರುತ್ತಿದ್ದ ಖರ್ಚೆಲ್ಲ ಈಗ ಓಟವೊಂದರ ತಲೆಯ ಮೇಲೆ.

ಕಾಡು, ಘಾಟಿ, ಕಾಗದ

ಬೆಟ್ಟದವರಿಗೆ ಇನ್ನೂ ಮೂರು ತೊಡಕು. ತಾಳವಾಡಿಯ ಸುತ್ತಲ ಸತ್ಯಮಂಗಲ ಕಾಡು 2013ರಲ್ಲಿ ಹುಲಿ ಮೀಸಲಾಯಿತು. ಬಂಡೀಪುರ, ಬಿಳಿಗಿರಿರಂಗನಬೆಟ್ಟದ ಹುಲಿ ಮೀಸಲುಗಳೂ ಹತ್ತಿರದಲ್ಲೇ ಇವೆ. ಕಾಡಂಚಿನ ಮೇವು ದೂರವಾಯಿತು. ಕೊಟ್ಟಿಗೆಗೆ ಚಿರತೆ, ಹುಲಿಯ ಭಯ. ಹೊಲಕ್ಕೆ ಆನೆಯ ಕಾಟ.

ದಿಂಬಂ ಘಾಟಿಯಲ್ಲಿ 2022ರ ಫೆಬ್ರುವರಿಯಿಂದ ಮದ್ರಾಸ್ ಹೈಕೋರ್ಟ್ ಆದೇಶದಂತೆ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂತು. ಅತ್ತ ಕರ್ನಾಟಕದಲ್ಲಿ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಬಂದ ಮೇಲೆ ರಾಸು ಸಾಗಿಸುವವರು ಕಾಗದಪತ್ರ ಇಟ್ಟುಕೊಳ್ಳಬೇಕು. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ಆ ರಾಜ್ಯದ ಹಲವು ಜಿಲ್ಲೆಗಳಲ್ಲಿ ದನಗಳ ಜಾತ್ರೆಗೂ ತಡೆ ಬಿದ್ದಿತ್ತು. ಒಂದು ಜೋಡಿ ಗಡಿ ದಾಟಬೇಕಾದರೆ ಎರಡು ರಾಜ್ಯದ ನಿಯಮ ತಿಳಿದಿರಬೇಕು.

ಪಕ್ಕದ ಬೆಟ್ಟದ ಪಾಠ

ಇದೇ ಜಿಲ್ಲೆಯ ಅಂದಿಯೂರು ತಾಲ್ಲೂಕಿನ ಬರಗೂರು ಬೆಟ್ಟದಲ್ಲಿ ಕನ್ನಡ ಮಾತಾಡುವ ಲಿಂಗಾಯತರು ಕಾಡಿನ ದೊಡ್ಡಿಗಳಲ್ಲಿ ಬರಗೂರು ತಳಿ ಸಾಕಿಕೊಂಡು ಬಂದಿದ್ದಾರೆ. ಕಂದು ಮೈಮೇಲೆ ಬಿಳಿ ಮಚ್ಚೆಯ ಈ ಎತ್ತು ಓಟಕ್ಕೆ ಹೆಸರುವಾಸಿ. ಆಡಿ ಮಾಸದ ಅಂದಿಯೂರು ಗುರುನಾಥಸ್ವಾಮಿ ಜಾತ್ರೆ ಇದರ ದೊಡ್ಡ ಮಾರುಕಟ್ಟೆ. ತಳಿ ಉಳಿಸಲು 2015ರಲ್ಲಿ ಬರಗೂರಿನಲ್ಲಿ ಸಂಶೋಧನಾ ಕೇಂದ್ರ ಆರಂಭವಾಯಿತು. ಆದರೆ ಮದ್ರಾಸ್ ಹೈಕೋರ್ಟ್ 2022ರಲ್ಲಿ ಅಭಯಾರಣ್ಯ, ಹುಲಿ ಮೀಸಲುಗಳಲ್ಲಿ ದನ ಮೇಯಿಸುವುದನ್ನು ತಡೆಯಿತು. 2024ರ ಜನವರಿಯಲ್ಲಿ ಈ ಸೀಮೆಯ ಕಾಡನ್ನು ಸರ್ಕಾರ ತಂದೈ ಪೆರಿಯಾರ್ ವನ್ಯಜೀವಿಧಾಮ ಎಂದು ಘೋಷಿಸಿತು. ಕಾಡೂ ಬೇಕು, ತಳಿಯೂ ಬೇಕು. ಆದರೆ ಮೇಯಲು ಜಾಗವಿಲ್ಲದ ತಳಿಯನ್ನು ಕೇಂದ್ರವೊಂದೇ ಎಷ್ಟು ದಿನ ಉಳಿಸೀತು?

ಊರ ಜೋಡಿಗೂ ಜಾಗವಿರಲಿ

ಓಟ ಆಡಿಸುವವರ ಕೈಯಲ್ಲೂ ಒಂದಿಷ್ಟು ಪರಿಹಾರವಿದೆ. ಹೊಲದಲ್ಲಿ ದುಡಿಯುವ ಎತ್ತುಗಳಿಗೆಂದೇ ಪ್ರತ್ಯೇಕ ವಿಭಾಗ ಮಾಡಬಹುದು. ಸುತ್ತಮುತ್ತಲ ಊರಿನವರಿಗೆ ಮಾತ್ರ ಅವಕಾಶ, ಮನೆಯ ಮಾಮೂಲಿ ಗಾಡಿ, ಶುಲ್ಕವಿಲ್ಲ. ಬಹುಮಾನಕ್ಕೆ ಬೈಕಿನ ಬದಲು ಹುಲ್ಲು, ಹಿಂಡಿ, ಬೂಸಾ ಕೊಟ್ಟರೆ ಕೊಟ್ಟಿಗೆಗೂ ಆಸರೆ. ಪಣ ಚಿಕ್ಕದಾದರೆ ಎತ್ತಿನ ಬೆನ್ನಿಗೆ ಬೀಳುವ ಬಾರುಕೋಲಿನ ಪೆಟ್ಟೂ ಕಡಿಮೆಯಾದೀತು. ಕೋರ್ಟಿಗೆ ಹೋದವರ ತಕರಾರೂ ಹಿಂಸೆಯ ಬಗ್ಗೆಯೇ ತಾನೆ?

ಏನಣ್ಣ, ಈ ಸಲ ಗಾಡಿ ಕಟ್ಟಲ್ವಾ ಎಂದು ಕೇಳಿದರೆ ಕಟ್ಟೋಣ ಎನ್ನಲು ಕೊಟ್ಟಿಗೆಯಲ್ಲಿ ಎತ್ತಿರಬೇಕು. ಎತ್ತಿರಬೇಕಾದರೆ ವರ್ಷದ ಉಳಿದ ದಿನ ಅದಕ್ಕೆ ಕೆಲಸವೂ ಇರಬೇಕು, ಮೇವೂ ಇರಬೇಕು.