ಮಳೆ ಬಿಟ್ಟ ಮೇಲಿನ ಹಿತ್ತಲು

ಹ್ವಾಯ್! ನಾಲ್ಕು ತಿಂಗಳು ಮಳೆ ಹೊಯ್ದ ಬೈಂದೂರಲ್ಲಿ
ನವೆಂಬರ್‌ಗೇ ಹರಿವೆ ಬಾಡೋದ್ಯಾಕೆ?

ಕಡಲ ಬದಿಯ ಮಣ್ಣು ನೋಡಿ.
ಬರೀ ಮರಳು.
ನೀರು ಹೊಯ್ದರೆ ಜರಡಿಗೆ ಹೊಯ್ದ ಹಾಗೆ,
ಸೀದಾ ಕೆಳಗೆ!
ಮಳೆಗಾಲದಲ್ಲಿ ಗೊಬ್ಬರದ ಸಾರವೂ
ಹೀಗೇ ತೊಳೆದುಹೋಗಿದೆ.

ಅದಕ್ಕೆ, ಬಿತ್ತೋ ಮೊದಲು
ಕಳಿತ ಹಟ್ಟಿಗೊಬ್ಬರ ಧಾರಾಳ ಬೆರೆಸಿ.
ಹರಿವೆ ಬೀಜ ತೀರಾ ಸಣ್ಣದು,
ಒಣ ಮರಳಲ್ಲಿ ಕಲಸಿ ಎರಚಿ.

ಬೆಂಡೆ, ಅಲಸಂಡೆ ಬುಡಕ್ಕೆ
ತರಗೆಲೆ ದಪ್ಪಕ್ಕೆ ಹೊದಿಸಿ.
ಅಂಗಳ ಗುಡಿಸಿ ಬೆಂಕಿ ಹಾಕ್ಬೇಡಿ, ದಯವಿಟ್ಟು.
ಬುಡದ ತೇವ ಕಾಯೋದು ಅದೇ ಎಲೆ.

ನೀರು ಯಾವಾಗ?
ಬೆಳಿಗ್ಗೆ. ಬುಡಕ್ಕೆ ಮಾತ್ರ.
ಈಗ ರಾತ್ರಿ ಇಬ್ಬನಿ ಬೀಳುತ್ತೆ.
ಸಂಜೆ ಎಲೆ ನೆನೆಸಿದ್ರೆ
ಬೆಳಗಿನವರೆಗೂ ಒದ್ದೆ,
ಎಲೆಚುಕ್ಕೆ ರೋಗಕ್ಕೆ ಅಷ್ಟೇ ಸಾಕು.

ಹರಿವೆ ತಿಂಗಳೊಳಗೆ ಕೊಯ್ಲಿಗೆ ಬರುತ್ತೆ.
15 ದಿನ ಬಿಟ್ಟು, ಪಕ್ಕದಲ್ಲೇ
ಇನ್ನೊಂದು ಸಾಲು ಬಿತ್ತಿ.