ಬೆನ್ನು ತೋರಿಸುವವನ ಹತ್ತಿರ ಕೊಳ್ಳಿ

ಜಿ.ಆರ್. ವಿಶ್ವನಾಥ್ ಸ್ಕ್ವೇರ್ ಕಟ್ ಹೊಡೆಯುವ ಚಿತ್ರ ಮೊಬೈಲಿನಲ್ಲಿ ಬೇಕಾದಷ್ಟು ಸಿಗುತ್ತದೆ, ಅದೂ ಪುಕ್ಕಟೆ. ಅಂಥದ್ದನ್ನೇ ದುಡ್ಡು ಕೊಟ್ಟು, ಮೇಲಿಂದ ಅಂಚೆ ಖರ್ಚನ್ನೂ ಕೊಟ್ಟು, ಸಮುದ್ರದಾಚೆಯಿಂದ ಸೊರಬ ತಾಲ್ಲೂಕಿನ ಉಳವಿಗೆ ತರಿಸಿಕೊಳ್ಳುವವನ ತಲೆ ನೆಟ್ಟಗಿದೆಯೇ ಎಂದು ನಮ್ಮ ಮನೆಯಲ್ಲೇ ಕೇಳಿದ್ದಾರೆ. ಪಾರ್ಸೆಲ್ ತಂದ ಪೋಸ್ಟ್‌ಮ್ಯಾನ್ ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ಎಂತದು ಮೇಷ್ಟ್ರೇ ಇದು, ಬರೀ ರಟ್ಟು ಕಳ್ಸಿದಾರಲ್ಲ!" ಎಂದ. ಒಳಗಿದ್ದದ್ದು ನಿಜವಾಗಿಯೂ ಎರಡು ರಟ್ಟು. ನಡುವೆ ಎಂಟು ಇಂಚು ಅಗಲ, ಹತ್ತು ಇಂಚು ಉದ್ದದ ಒಂದು ಕಾಗದ.

ನಾನು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿ ನಿವೃತ್ತನಾದವನು. ನಮ್ಮ ಜಿಲ್ಲೆಯ ಭದ್ರಾವತಿಯಲ್ಲಿ 1949ರಲ್ಲಿ ಹುಟ್ಟಿದ ಹುಡುಗ ವಿಶ್ವನಾಥ್, 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಟೆಸ್ಟ್ ಆಡಿ ಒಂದು ಇನಿಂಗ್ಸಿನಲ್ಲಿ ಸೊನ್ನೆ, ಇನ್ನೊಂದರಲ್ಲಿ 137 ಹೊಡೆದ ಎಂಬುದನ್ನು ಕೇಳುತ್ತಲೇ ಬೆಳೆದ ತಲೆಮಾರು ನಮ್ಮದು. ಆಟವನ್ನು ರೇಡಿಯೋದಲ್ಲಿ ಕೇಳಿದ್ದೆವು, ಕಣ್ಣಲ್ಲಿ ನೋಡಿದ್ದು ಪತ್ರಿಕೆಯ ಮಸುಕು ಚಿತ್ರದಲ್ಲಿ. ಆ ಮಸುಕು ಚಿತ್ರಕ್ಕೊಂದು ಮೂಲ ಇತ್ತಲ್ಲ, ಸಂಪಾದಕರ ಮೇಜಿನ ಮೇಲೆ ಬಂದು ಬಿದ್ದಿದ್ದ ಆ ಪ್ರಿಂಟು, ಈಗ ಆನ್‌ಲೈನ್ ಹರಾಜಿಗೆ ಬರುತ್ತಿದೆ. ಮೊಬೈಲಿನ ಚಿತ್ರಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅದರ ಬೆನ್ನಿನಲ್ಲಿದೆ.

ನನ್ನ ಬಳಿ ಇರುವುದರಲ್ಲಿ ಒಂದನ್ನು ಹೇಳುತ್ತೇನೆ. 1981ರ ಫೆಬ್ರವರಿಯ ಮೆಲ್ಬರ್ನ್ ಟೆಸ್ಟ್. ವಿಶ್ವನಾಥ್ 114 ಹೊಡೆದದ್ದು, ಕಡೆಯಲ್ಲಿ ಕಪಿಲ್ ದೇವ್ 28 ರನ್ನಿಗೆ ಐದು ವಿಕೆಟ್ ಕಿತ್ತು ಆಸ್ಟ್ರೇಲಿಯಾವನ್ನು 83ಕ್ಕೆ ಮುಗಿಸಿದ್ದು, ಎಲ್ಲ ಆ ಪಂದ್ಯದಲ್ಲೇ. ಫೋಟೋದ ಮುಂಭಾಗದಲ್ಲಿ ಬ್ಯಾಟಿನ ಅಂಚು ಎದ್ದು ಕಾಣಲೆಂದು ಯಾರೋ ಸಣ್ಣ ಕುಂಚದಲ್ಲಿ ಬಿಳಿ ಬಣ್ಣ ತೀಡಿದ್ದಾರೆ. ಎಡಗಡೆಯ ವಿಕೆಟ್‌ಕೀಪರ್ ಬೇಡವೆಂದು ಮೇಣದ ಪೆನ್ಸಿಲಿನಲ್ಲಿ ಕೆಂಪು ಗೆರೆ ಎಳೆದಿದ್ದಾರೆ. ತಿರುಗಿಸಿದರೆ ಪತ್ರಿಕೆಯ ಲೈಬ್ರರಿಯ ಸೀಲು, ತಾರೀಕಿನ ಸೀಲು, ಎಷ್ಟು ಕಾಲಂ ಎಂದು ಪೆನ್ಸಿಲಿನಲ್ಲಿ ಬರೆದದ್ದು, ಅಚ್ಚಾದ ಮೇಲೆ ಕತ್ತರಿಸಿ ಅಂಟಿಸಿದ ಪತ್ರಿಕೆಯ ತುಣುಕು. ಅಂಟು ಕಂದು ಬಣ್ಣಕ್ಕೆ ತಿರುಗಿ ಅದರಲ್ಲೊಂದು ಹೆಬ್ಬೆಟ್ಟಿನ ಗುರುತು ಉಳಿದಿದೆ. ಮುಂಭಾಗದಲ್ಲಿ ವಿಶ್ವನಾಥ್ ಒಬ್ಬರೇ ಇದ್ದಾರೆ. ಹಿಂಭಾಗದಲ್ಲಿ ಇಡೀ ಪತ್ರಿಕಾ ಕಚೇರಿ ಇದೆ.

ಇಂಥವು ಮಾರುಕಟ್ಟೆಗೆ ಬಂದ ಕತೆಯೂ ಸ್ವಾರಸ್ಯದ್ದೇ. ಪತ್ರಿಕೆಗಳು ಕಂಪ್ಯೂಟರಿಗೆ ಬಂದ ಮೇಲೆ ಲಕ್ಷಗಟ್ಟಲೆ ಪ್ರಿಂಟುಗಳಿದ್ದ ಬೀರುಗಳು ಹೊರೆಯಾದವು. ಅಮೆರಿಕದ ಆರ್ಕನ್ಸಾ ರಾಜ್ಯದ ಜಾನ್ ರೋಜರ್ಸ್ ಎಂಬ ವ್ಯಾಪಾರಿ ಒಂದು ದಾರಿ ತೋರಿಸಿದ: ಫೋಟೋಗಳನ್ನೆಲ್ಲ ನನಗೆ ಕೊಡಿ, ಸ್ಕ್ಯಾನ್ ಮಾಡಿ ಡಿಜಿಟಲ್ ಪ್ರತಿ ನಿಮಗೆ ಕೊಡುತ್ತೇನೆ, ಕಾಗದ ನನ್ನದು. ಚಿಕಾಗೊ ಸನ್-ಟೈಮ್ಸ್‌ನಂಥ ಪತ್ರಿಕೆಗಳು ಒಪ್ಪಿದವು. 2013ರ ಹೊತ್ತಿಗೆ 'ದಿ ಏಜ್', 'ಸಿಡ್ನಿ ಮಾರ್ನಿಂಗ್ ಹೆರಾಲ್ಡ್' ಪತ್ರಿಕೆಗಳ ಒಡೆತನವಿದ್ದ ಫೇರ್‌ಫ್ಯಾಕ್ಸ್ ಸಂಸ್ಥೆಯ ಸಂಗ್ರಹವೂ ಹಡಗು ಹತ್ತಿತು. 2014ರ ಜನವರಿಯಲ್ಲಿ ಎಫ್‌ಬಿಐ ರೋಜರ್ಸ್‌ನ ಮನೆ, ಕಚೇರಿಗಳ ಮೇಲೆ ದಾಳಿ ಮಾಡಿತು. ನಕಲಿ ಕ್ರೀಡಾ ಸ್ಮರಣಿಕೆಗಳನ್ನು ತೋರಿಸಿ ಸಾಲ, ಹೂಡಿಕೆ ಎತ್ತಿದ್ದು ಬಯಲಾಗಿ, 2017ರಲ್ಲಿ ಅವನಿಗೆ 12 ವರ್ಷ ಜೈಲಾಯಿತು. ಆಸ್ಟ್ರೇಲಿಯಾದ ಫೋಟೋಗಳು ಬ್ಯಾಂಕಿನ ವಶಕ್ಕೆ ಹೋಗಿ, ಆಮೇಲೆ ಲಾಸ್ ಏಂಜಲೀಸ್‌ನ ಗ್ಯಾಲರಿಯೊಂದರ ಕೈ ಸೇರಿದವು. ಇಲ್ಲಿ ಗಮನಿಸಬೇಕಾದ್ದು, ಮನುಷ್ಯ ಖೊಟ್ಟಿಯಾದರೂ ಪತ್ರಿಕೆಗಳಿಂದ ಬಂದ ಆ ಪ್ರಿಂಟುಗಳು ಅಸಲಿಯೇ ಆಗಿದ್ದವು. ದೊಡ್ಡ ಹೆಸರು ನೋಡಿ ಕೊಳ್ಳುವ ಬದಲು ಸಾಮಾನು ನೋಡಿ ಕೊಳ್ಳಿ ಎಂದು ನಾನು ಹೇಳುವುದು ಇದಕ್ಕೇ.

ಸಾಮಾನು ಎಂದರೆ ಯಾವುದು? ಅಮೆರಿಕದ ಬೇಸ್‌ಬಾಲ್ ಫೋಟೋ ಸಂಗ್ರಾಹಕರು ನಾಲ್ಕು ದರ್ಜೆ ಮಾಡಿದ್ದಾರೆ. ಆಟ ನಡೆದು ಸುಮಾರು ಎರಡು ವರ್ಷದೊಳಗೆ ಮೂಲ ನೆಗೆಟಿವ್‌ನಿಂದಲೇ ತೆಗೆದ ಪ್ರಿಂಟು ಮೊದಲ ದರ್ಜೆ. ಅದೇ ನೆಗೆಟಿವ್‌ನಿಂದ ತಡವಾಗಿ ತೆಗೆದದ್ದು ಎರಡನೆಯದು. ಆಗಿನ ಕಾಲದ್ದೇ ಆದರೂ ನಕಲು ನೆಗೆಟಿವ್‌ನಿಂದಲೋ ತಂತಿಯ ಮೂಲಕವೋ ಬಂದದ್ದು ಮೂರನೆಯದು. ನಕಲಿನಿಂದ ಎಷ್ಟೋ ವರ್ಷದ ಮೇಲೆ ಮಾಡಿದ್ದು ನಾಲ್ಕನೆಯದು. ಬೆಲೆ ಈ ಕ್ರಮದಲ್ಲೇ ಇಳಿಯುತ್ತದೆ. ನನಗೆ ಮೂರನೆಯ ದರ್ಜೆಯ ಮೇಲೆ ವಿಶೇಷ ಮೋಹ, ಬೆಲೆ ಕಡಿಮೆ ಎಂಬುದೂ ಒಂದು ಕಾರಣ. ಅಸೋಸಿಯೇಟೆಡ್ ಪ್ರೆಸ್ ತನ್ನ ವೈರ್‌ಫೋಟೋ ಸೇವೆಯನ್ನು 1935ರ ಜನವರಿ 1ರಂದು ಶುರು ಮಾಡಿತು. ಫೋಟೋವನ್ನು ಉರುಳೆಗೆ ಸುತ್ತಿ ತಿರುಗಿಸುತ್ತ ಬೆಳಕಿನ ಕಿರಣದಿಂದ ಗೆರೆಗೆರೆಯಾಗಿ ಓದುವುದು, ಕಪ್ಪುಬಿಳುಪನ್ನು ವಿದ್ಯುತ್ ಸಂಕೇತ ಮಾಡಿ ಫೋನ್ ತಂತಿಯಲ್ಲಿ ಕಳಿಸುವುದು, ಆ ಕಡೆ ಮತ್ತೆ ಕಾಗದದ ಮೇಲೆ ಮೂಡಿಸುವುದು. ಅಂಥ ಪ್ರಿಂಟನ್ನು ಓರೆಯಾಗಿ ಹಿಡಿದರೆ ಆ ಗೆರೆಗಳು ಇವತ್ತಿಗೂ ಕಾಣುತ್ತವೆ. ವಿವರಣೆಯ ಸಾಲುಗಳೂ ಚಿತ್ರದೊಳಗೇ ಅಚ್ಚಾಗಿರುತ್ತವೆ.

ನಂಬಿಕಸ್ಥ ಮಾರಾಟಗಾರ ಈ ದರ್ಜೆಯನ್ನು ತಾನಾಗಿಯೇ ಹೇಳುತ್ತಾನೆ. ಇಂಚು ಲೆಕ್ಕದಲ್ಲಿ ಅಳತೆ ಕೊಡುತ್ತಾನೆ, ಮಡಿಕೆ ಬಿದ್ದ ಮೂಲೆಯನ್ನೂ ಗುಂಡುಪಿನ್ನಿನ ತೂತನ್ನೂ ಮುಚ್ಚಿಡುವುದಿಲ್ಲ, ಎರಡೂ ಬದಿಯ ಸ್ಕ್ಯಾನ್ ಹಾಕುತ್ತಾನೆ. ಹಿಂಬದಿ ಇಲ್ಲದಿದ್ದರೆ ಕೇಳಿ. ಕೇಳಿದ ಮೇಲೂ ತೋರಿಸದವನನ್ನು ಅಲ್ಲಿಗೇ ಬಿಡಿ, ಚಿತ್ರ ಎಷ್ಟೇ ಚೆನ್ನಾಗಿರಲಿ. ಕೊಂಡವರಿಂದ ಶೇಕಡಾ 99 ಒಳ್ಳೆಯ ಅಭಿಪ್ರಾಯ ಎಂಬ ಅಂಕಿ ನನಗೇನೂ ಹೇಳುವುದಿಲ್ಲ. ನಾನು ಓದುವುದು ಉಳಿದ ಆ ಒಂದನ್ನು: ಬೈದವರು ಯಾಕೆ ಬೈದರು, ಅದಕ್ಕೆ ಇವನು ಹೇಗೆ ಉತ್ತರ ಕೊಟ್ಟ. ಅಂಚೆ ತಡವಾಯಿತು ಎಂಬ ದೂರು ದೂರೇ ಅಲ್ಲ. "ಅಸಲಿ ಅಂದಿದ್ದರು, ಬಂದದ್ದು ರೀಪ್ರಿಂಟ್" ಎಂದು ಇಬ್ಬರು ಬರೆದಿದ್ದರೆ ಮುಗಿಯಿತು. ಅವನು ಬೇರೆ ಏನು ಮಾರುತ್ತಾನೆ ಎಂದೂ ನೋಡುತ್ತೇನೆ. ಒಂದೇ ಪತ್ರಿಕೆಯ ಸೀಲಿರುವ ಚುನಾವಣೆ, ಪ್ರವಾಹ, ಸಿನಿಮಾ, ಕುದುರೆ ರೇಸು ಎಲ್ಲ ಕಲಸುಮೇಲೋಗರವಾಗಿ ಇದ್ದರೆ ಅದು ನಿಜವಾದ ಸಂಗ್ರಹ ಒಡೆದದ್ದು. ಬರೀ ಬ್ರಾಡ್ಮನ್, ಮಹಮ್ಮದ್ ಅಲಿ, ಪೆಲೆ ಮಾತ್ರ, ಅದೂ ಒಂದೊಂದು ಚಿತ್ರ ತಿಂಗಳು ತಿಂಗಳೂ ಮತ್ತೆ ಮತ್ತೆ ಬರುತ್ತಿದ್ದರೆ ಅವನ ಮನೆಯಲ್ಲಿ ಪ್ರಿಂಟರ್ ಇದೆ ಎಂದರ್ಥ. ವಿವರಣೆಯಲ್ಲಿ 'ಮೂಲ ನೆಗೆಟಿವ್‌ನಿಂದ' ಎಂದಷ್ಟೇ ಇದ್ದು ಯಾವಾಗ ತೆಗೆದ ಪ್ರಿಂಟು ಎಂದಿಲ್ಲವೇ? ನಿನ್ನೆ ತೆಗೆದದ್ದೂ ಆಗಬಹುದು.

ಇಬೇ ಎಂಬ ಹರಾಜು ಸಂಸ್ಥೆಯ ಭಾರತದ ತಾಣ 2018ರಲ್ಲೇ ಮುಚ್ಚಿತು. ಹಾಗಾಗಿ ನಾವು ಕೊಳ್ಳುವುದು ಹೊರದೇಶದ ತಾಣದಲ್ಲಿ. ಹರಾಜಿನ ರೀತಿ ನಮ್ಮ ಕಡೆಯವರಿಗೆ ಬೇಗ ಅರ್ಥವಾಗುತ್ತದೆ, ಅಡಿಕೆ ಮಂಡಿಯ ಟೆಂಡರ್ ಕಂಡವರಲ್ಲವೇ. ಒಂದು ವ್ಯತ್ಯಾಸ ಮಾತ್ರ ಇದೆ. ಮಂಡಿಯಲ್ಲಿ ವ್ಯಾಪಾರಿ ಬರೆದ ದರವನ್ನೇ ಕೊಡಬೇಕು. ಇಲ್ಲಿ ನೀವು ಬರೆಯುವುದು ನಿಮ್ಮ ಗರಿಷ್ಠ ಬೆಲೆ, ಅದು ಯಾರಿಗೂ ಕಾಣದು. ನೀವು 50 ಡಾಲರ್ ಬರೆದು, ನಿಮ್ಮ ನಂತರದವನು 30ಕ್ಕೆ ನಿಂತರೆ, ತಾಣ ನಿಮ್ಮ ಪರವಾಗಿ ಒಂದೇ ಮೆಟ್ಟಿಲು ಏರಿಸಿ 31ಕ್ಕೆ ಮುಗಿಸುತ್ತದೆ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಭಾನುವಾರ ಸಂಜೆ ಏಳಕ್ಕೆ ಮುಗಿಯುವ ಹರಾಜು ನಮಗೆ ಸೋಮವಾರ ಬೆಳಗಿನ ಏಳೂವರೆ, ಅವರ ಚಳಿಗಾಲದಲ್ಲಾದರೆ ಎಂಟೂವರೆ. ಕೊನೆಯ ಹತ್ತು ಸೆಕೆಂಡಿನಲ್ಲಿ ಬಿಡ್ ಹಾಕಿ ಗೆಲ್ಲುವ ಚಟದವರು ಅಲ್ಲಿ ತುಂಬ ಇದ್ದಾರೆ. ಮಳೆಗಾಲದಲ್ಲಿ ಉಳವಿಯ ಕರೆಂಟು, ನೆಟ್‌ವರ್ಕು ನಂಬಿ ಆ ಆಟ ಆಡಲಾಗದು. ಹಿಂದಿನ ರಾತ್ರಿಯೇ ಗರಿಷ್ಠ ಬೆಲೆ ಹಾಕಿ ಮಲಗುವುದು ಲೇಸು. ಯಾರಾದರೂ "ತಾಣದ ಹೊರಗೆ ದುಡ್ಡು ಕಳಿಸಿ, ಕಡಿಮೆಗೆ ಕೊಡುತ್ತೇನೆ" ಎಂದು ಸಂದೇಶ ಹಾಕಿದರೆ ಉತ್ತರವನ್ನೇ ಕೊಡಬೇಡಿ, ಹಾಗೆ ಕೊಂಡದ್ದಕ್ಕೆ ತಾಣದ ರಕ್ಷಣೆ ಇರುವುದಿಲ್ಲ.

ಬಂದ ಮೇಲೆ ಪರೀಕ್ಷೆ. ಭೂತಗನ್ನಡಿ ಹಿಡಿಯಿರಿ. ಅಸಲಿ ಫೋಟೋದಲ್ಲಿ ಕಪ್ಪಿನಿಂದ ಬಿಳುಪಿಗೆ ಛಾಯೆ ಹರಿದು ಹೋಗುತ್ತದೆ. ಸಾಲುಸಾಲು ಚುಕ್ಕಿ ಕಂಡರೆ ಅದು ಪುಸ್ತಕದಿಂದಲೋ ಮ್ಯಾಗಜೀನಿನಿಂದಲೋ ಕತ್ತರಿಸಿದ್ದು, ಚೆಲ್ಲಾಪಿಲ್ಲಿ ಬಣ್ಣದ ಚುಕ್ಕಿ ಕಂಡರೆ ಇಂಕ್‌ಜೆಟ್. ಹಳೆಯ ಪ್ರಿಂಟಿನ ಕಪ್ಪು ಜಾಗಗಳಲ್ಲಿ, ಅಂಚಿನ ಹತ್ತಿರ, ಬೆಳ್ಳಿ ಮೇಲೆದ್ದು ನೀಲಿ ಮಿಶ್ರಿತ ಕನ್ನಡಿ ಹೊಳಪು ಬಂದಿರುತ್ತದೆ. ಅದನ್ನು ನಕಲು ಮಾಡುವುದು ಕಷ್ಟ. ನೋಟು ಪರೀಕ್ಷಿಸುವ ನೇರಳೆ ಬೆಳಕಿನ ಸಣ್ಣ ಟಾರ್ಚ್ ಇದ್ದರೆ ಇನ್ನೂ ಒಳ್ಳೆಯದು. 1950ರ ದಶಕದ ನಡುಭಾಗದಿಂದ ಫೋಟೋ ಕಾಗದಕ್ಕೆ ಬಿಳುಪು ಹೆಚ್ಚಿಸುವ ರಾಸಾಯನಿಕ ಸೇರಿಸತೊಡಗಿದರು, ಕತ್ತಲಲ್ಲಿ ಆ ಟಾರ್ಚ್ ಬಿಟ್ಟರೆ ಅಂಥ ಕಾಗದ ಫಳ್ಳನೆ ಹೊಳೆಯುತ್ತದೆ. 1932ರ ಜೂನ್‌ನಲ್ಲಿ ಲಾರ್ಡ್ಸ್‌ನಲ್ಲಿ ಸಿ.ಕೆ. ನಾಯ್ಡು ತಂಡ ಆಡಿದ ನಮ್ಮ ಮೊದಲ ಟೆಸ್ಟಿನ 'ಆಗಿನದೇ ಪ್ರಿಂಟು' ಹಾಗೆ ಹೊಳೆದರೆ ವಾಪಸ್ ಕಳಿಸಿ. ಹೊಳೆಯದಿದ್ದರೆ ಹಳೆಯದೇ ಎಂದು ಮಾತ್ರ ಹೇಳಬರುವುದಿಲ್ಲ, ಆಮೇಲಿನ ಕಾಗದಗಳಲ್ಲೂ ಎಷ್ಟೋ ಹೊಳೆಯುವುದಿಲ್ಲ.

ಟಾರ್ಚಿಗಿಂತ ಹೆಚ್ಚು ಕೆಲಸಕ್ಕೆ ಬರುವುದು ಆಟದ ಚರಿತ್ರೆ. 1971ರ ಆಗಸ್ಟ್‌ನಲ್ಲಿ ಓವಲ್‌ನಲ್ಲಿ ನಮ್ಮ ಚಂದ್ರಶೇಖರ್ 38 ರನ್ನಿಗೆ ಆರು ವಿಕೆಟ್ ತೆಗೆದು ಇಂಗ್ಲೆಂಡನ್ನು 101ಕ್ಕೆ ಕೆಡವಿದರು. ಗಣೇಶನ ಹಬ್ಬದ ಹೊತ್ತೆಂದು ಚೆಸಿಂಗ್ಟನ್ ಮೃಗಾಲಯದ ಬೆಲ್ಲಾ ಎಂಬ ಆನೆಯನ್ನೂ ಮೈದಾನಕ್ಕೆ ತಂದಿದ್ದರು, ಆನೆಯ ಫೋಟೋಗೂ ಗಿರಾಕಿಗಳಿದ್ದಾರೆ. ಆ ಕಾಲಕ್ಕೆ ಇಂಗ್ಲೆಂಡಿನ ಟೆಸ್ಟ್ ಪಂದ್ಯಗಳ ಚಿತ್ರ ತೆಗೆಯುವ ಹಕ್ಕು ಸ್ಪೋರ್ಟ್ ಅಂಡ್ ಜನರಲ್, ಸೆಂಟ್ರಲ್ ಪ್ರೆಸ್ ಎಂಬ ಎರಡೇ ಏಜೆನ್ಸಿಗಳ ಕೈಲಿತ್ತು. ಆಮೇಲೆ ದೊಡ್ಡ ಹೆಸರು ಮಾಡಿದ ಪ್ಯಾಟ್ರಿಕ್ ಈಗರ್‌ಗೆ ಬಾಗಿಲು ತೆರೆದದ್ದು 1972ರಲ್ಲಿ. ಓವಲ್‌ನ ಚಂದ್ರ ಎಂದು ಹೇಳುವ ಫೋಟೋದ ಹಿಂದೆ ಬೇರೊಬ್ಬ ಛಾಯಾಗ್ರಾಹಕನ ಸೀಲಿದ್ದರೆ ಹೇಗೆ ಬಂತು ಎಂದು ಮಾರುವವನನ್ನು ಕೇಳುವುದು ತಪ್ಪಲ್ಲ.

ಖರ್ಚಿನ ವಿಷಯ ಚುಟುಕಾಗಿ. ಸಾಧಾರಣ ಕ್ರಿಕೆಟ್ ಪ್ರಿಂಟಿಗಿಂತ ಅದರ ಅಂಚೆಯೇ ದುಬಾರಿಯಾಗುವುದುಂಟು, ಒಬ್ಬನ ಹತ್ತಿರವೇ ನಾಲ್ಕಾರು ಕೊಂಡು ಒಂದೇ ಪಾರ್ಸೆಲ್ ಮಾಡಿಸಿಕೊಳ್ಳಿ. ಕಸ್ಟಮ್ಸ್ ಸುಂಕ ಬಿದ್ದರೆ ಬಾಗಿಲಲ್ಲೇ ಕಟ್ಟಬೇಕು. ಕಾಗದ ನಿಮ್ಮದಾದರೂ ಚಿತ್ರದ ಹಕ್ಕು ನಿಮಗೆ ಬರುವುದಿಲ್ಲ. ನಮ್ಮ ಕಾಯಿದೆಯಲ್ಲಿ ಈಗ ಫೋಟೋದ ಕೃತಿಸ್ವಾಮ್ಯ ಛಾಯಾಗ್ರಾಹಕ ಬದುಕಿರುವಷ್ಟು ಕಾಲ, ಅವನು ತೀರಿಕೊಂಡ ಮುಂದಿನ ವರ್ಷದಿಂದ ಮತ್ತೆ 60 ವರ್ಷ. ಗೋಡೆಗೆ ಹಾಕಿಕೊಳ್ಳಿ, ಆದರೆ ಕ್ಯಾಲೆಂಡರ್ ಮಾಡಿಸಿ ಹಂಚಬೇಡಿ.

ಗೋಡೆಗೆ ಹಾಕುವುದಕ್ಕೂ ಮಲೆನಾಡಿನಲ್ಲಿ ನಾನು ಒಪ್ಪುವುದಿಲ್ಲ. ಇಂಥ ಫೋಟೋಗಳಿಗೆ ಗಾಳಿಯ ತೇವ ಶೇಕಡಾ 30ರಿಂದ 50ರೊಳಗಿರಬೇಕು ಎನ್ನುತ್ತಾರೆ ತಿಳಿದವರು. ಆಷಾಢದಲ್ಲಿ ನಮ್ಮ ಮನೆಯ ಉಪ್ಪಿನ ಭರಣಿ ನೋಡಿದವರಿಗೆ ಇದು ನಗೆಚಾಟಿಕೆ. ಚಿತ್ರ ಕೂತಿರುವುದು ಜೆಲಾಟಿನ್ ಪದರದ ಮೇಲೆ. ತೇವ ಹೀರಿದರೆ ಅದು ಫ್ರೇಮಿನ ಗಾಜಿಗೆ ಕಚ್ಚಿಕೊಳ್ಳುತ್ತದೆ, ಎಬ್ಬಿಸಲು ಹೋದರೆ ಮುಖವೇ ಕಿತ್ತು ಬರುತ್ತದೆ. ಬೂಷ್ಟು ಬೇರೆ. ಲ್ಯಾಮಿನೇಷನ್ ಮಾಡಿಸಿದರೆ ಫೋಟೋ ಅಲ್ಲಿಗೆ ಹಾಳು. ಅಂಟು ಹಾಳೆಯ ಮದುವೆ ಆಲ್ಬಮ್ಮೂ ಬೇಡ, ಪಿವಿಸಿ ಕವರೂ ಬೇಡ. ನಾನು ಪಾಲಿಯೆಸ್ಟರ್ ಹಾಳೆಯ ಕವರಿನಲ್ಲಿ ಹಾಕಿ, ಮುಚ್ಚಳ ಗಟ್ಟಿಯಿರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಟ್ಟು, ಹೊರಗೋಡೆಗೆ ತಾಗದ ಒಳಕೋಣೆಯ ಕಪಾಟಿನಲ್ಲಿ ಇಡುತ್ತೇನೆ. ದೀಪಾವಳಿ ಕಳೆದು ಒಣಬಿಸಿಲು ಬಿದ್ದ ಮೇಲೆ ತೆಗೆದು ನೋಡುವುದು.

ವಿದೇಶದ ಹರಾಜಿನಲ್ಲಿ ಎಲ್ಲವೂ ಸಿಗುವುದಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಬಹುಪಾಲು ಬರಿಗಾಲಲ್ಲೇ ಆಡಿದ ನಮ್ಮ ಫುಟ್‌ಬಾಲ್ ತಂಡದ ಚಿತ್ರ ಹುಡುಕಿದರೆ ಸಿಕ್ಕೀತು. ಬೆಂಗಳೂರಿನ ಅಹ್ಮದ್ ಖಾನ್ ಇದ್ದ, ಸಾರಂಗಪಾಣಿ ರಾಮನ್ ಗೋಲು ಹೊಡೆದ ಪಂದ್ಯ ಅದು. ಆದರೆ 1974ರಲ್ಲಿ ಬೆಂಗಳೂರಿನ ರಣಜಿ ಸೆಮಿಫೈನಲ್‌ನಲ್ಲಿ ಪ್ರಸನ್ನ ಅವರ ಚೆಂಡಿಗೆ ಗಾವಸ್ಕರ್ ಬೌಲ್ಡ್ ಆದದ್ದು, ವಾಡೇಕರ್ ಜಾರಿ ರನ್‌ಔಟ್ ಆದದ್ದು, ಬಾಂಬೆಯ ಹದಿನೈದು ವರ್ಷದ ಗೆಲುವಿನ ಓಟ ನಿಂತದ್ದು, ಅದಕ್ಕೆ ಹೊರದೇಶದ ಪತ್ರಿಕೆ ಯಾಕೆ ಫೋಟೋಗ್ರಾಫರ್ ಕಳಿಸುತ್ತಿತ್ತು? ಅಂಥ ಪ್ರಿಂಟು ಇದ್ದರೆ ಇಲ್ಲಿಯ ಕಚೇರಿಗಳಲ್ಲಿ, ಛಾಯಾಗ್ರಾಹಕರ ಮನೆಯ ಅಟ್ಟಗಳಲ್ಲಿ ಇರಬೇಕು.

ಅಟ್ಟ ಎಂದಾಗ ನನ್ನ ಲಕ್ಷ್ಯ ಇನ್ನೊಂದು ಕಡೆ ಹೋಗುತ್ತದೆ. ಸೊರಬ, ಶಿಕಾರಿಪುರದ ಕಡೆ ದೀಪಾವಳಿಯ ನಂತರ ಹೋರಿ ಬೆದರಿಸುವ ಹಬ್ಬ. ಕೊಬ್ಬರಿ ಸರ, ಬಲೂನು ಕಟ್ಟಿಸಿಕೊಂಡು ಹೋರಿ ಜನರ ನಡುವೆ ನುಗ್ಗುತ್ತದೆ, ಕೊಬ್ಬರಿ ಹರಿದವನು ಗೆದ್ದ, ಯಾರಿಗೂ ಹರಿಯಲು ಕೊಡದಿದ್ದರೆ ಹೋರಿ ಗೆದ್ದಿತು. ಈಗ ಅದಕ್ಕೆ ಡ್ರೋನ್ ಬಂದಿದೆ. ಹಿಂದಿನ ಕಪ್ಪುಬಿಳುಪು ಹೋರಿ ಫೋಟೋಗಳು ಯಾವ ಹರಾಜು ತಾಣಕ್ಕೂ ಬಂದಿಲ್ಲ. ಇರುವುದು ಮುಚ್ಚಿದ ಸ್ಟುಡಿಯೋಗಳ ನೆಗೆಟಿವ್ ಡಬ್ಬಿಗಳಲ್ಲಿ, ಹೋರಿ ಸಾಕಿದವರ ಮನೆ ಜಗಲಿಯಲ್ಲಿ. ಹಿಂಬದಿ ತಿರುಗಿಸಿದರೆ ಖಾಲಿ: ಊರಿಲ್ಲ, ವರ್ಷವಿಲ್ಲ, ಹೋರಿಯ ಹೆಸರೂ ಇಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಪ್ಪನ ಸ್ಟುಡಿಯೋದ ಒಂದು ಕಟ್ಟು ತಂದು, "ಇದನ್ನ ಆನ್‌ಲೈನ್‌ನಾಗೆ ಹಾಕಿದ್ರೆ ಎಷ್ಟು ಬರಬಹುದು, ಸಾರ್?" ಎಂದು ಕೇಳಿದ. ಮೊದಲು ನಿಮ್ಮಪ್ಪನ ಕೂರಿಸಿಕೊಂಡು ಯಾವ ಹೋರಿ, ಯಾವ ಊರಿನ ಹಬ್ಬ, ಯಾವ ವರ್ಷ ಅಂತ ಕೇಳಿ, ಹಿಂದೆ ಅಂಚಿನಲ್ಲಿ ಮೆತ್ತನೆಯ ಪೆನ್ಸಿಲಿನಲ್ಲಿ ಬರಿ, ಬಾಲ್‌ಪೆನ್ ಬೇಡ, ಮುಂದಕ್ಕೆ ಅಚ್ಚೊತ್ತುತ್ತೆ ಅಂದೆ. ಅವರಪ್ಪ ಒಂದೊಂದೇ ಹೋರಿಯನ್ನು ಕೊಂಬು ನೋಡಿ ಗುರುತು ಹಿಡಿಯುತ್ತಿದ್ದಾರಂತೆ. ಅರ್ಧ ಕಟ್ಟು ಮುಗಿದಿದೆ.