ಮನೆಯಲ್ಲಿ ಮಾಡಿದ ಜೆಲ್ಲಿ ಕೆಡದಂತೆ ಕಾಯುವುದು ಯಾವುದು? ಫಾರ್ವರ್ಡ್‌ಗಳಲ್ಲಿ ನಿಜವೆಷ್ಟು?

ದ್ರಾಕ್ಷಿ ಸುಗ್ಗಿ ಬಂತೆಂದರೆ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡತೊಡಗುತ್ತವೆ. ಒಂದು ಹೆದರಿಸುವಂಥದ್ದು: "ಜೆಲ್ಲಿಯಲ್ಲಿ ಪ್ರಾಣಿಗಳ ಮೂಳೆ ಇದೆ, ಮಕ್ಕಳಿಗೆ ಕೊಡಬೇಡಿ." ಇನ್ನೊಂದು ಆಸೆ ಹುಟ್ಟಿಸುವಂಥದ್ದು: "ಸಕ್ಕರೆ ಬೇಡ, ಕೆಮಿಕಲ್ ಬೇಡ, ಮನೆಯಲ್ಲೇ ಮಾಡಿ, ವರ್ಷವಿಡೀ ಇಡಿ." ಇವೆರಡನ್ನೂ ಯೋಚಿಸದೆ ಮುಂದಕ್ಕೆ ಕಳಿಸುವವರೇ ಹೆಚ್ಚು.

ಚಿಕ್ಕಬಳ್ಳಾಪುರದ ಕಡೆಯವರಿಗೆ ಇದು ಬರೀ ಅಡುಗೆಮನೆಯ ವಿಷಯವಲ್ಲ. 2013ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ 'ಬೆಂಗಳೂರು ನೀಲಿ' ದ್ರಾಕ್ಷಿ ಬೆಳೆಯುವ ಸೀಮೆ ಇದು. ಬೆಲೆ ಬಿದ್ದರೆ ಹಣ್ಣು ತೋಟದಲ್ಲೇ ಉಳಿಯುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಕೊಳ್ಳುವವರಿಲ್ಲದೆ ದ್ರಾಕ್ಷಿ ಹಾಳಾದದ್ದನ್ನು ಇಲ್ಲಿಯ ರೈತರು ಮರೆತಿಲ್ಲ. ಉಳಿದ ಹಣ್ಣನ್ನು ಜೆಲ್ಲಿ ಮಾಡಿ ಇಡುವುದು ಒಳ್ಳೆಯ ದಾರಿಯೇ. ಆದರೆ ಅದು ಯಾವುದರಿಂದ ಕೆಡದೆ ಉಳಿಯುತ್ತದೆ ಎಂದು ಗೊತ್ತಿರಬೇಕು. ಇಲ್ಲದಿದ್ದರೆ ಹಣ್ಣಿನ ಜೊತೆ ಸಕ್ಕರೆ, ಗ್ಯಾಸು, ಕೆಲವೊಮ್ಮೆ ಆರೋಗ್ಯವೂ ಹಾಳು.

ಜೆಲ್ಲಿಯಲ್ಲಿ ಮೂಳೆ ಇರುತ್ತದೆಯೇ?

ಅರ್ಧ ನಿಜ. ಅದಕ್ಕೇ ಈ ಸಂದೇಶ ಇಷ್ಟು ಸುಲಭವಾಗಿ ನಂಬಿಕೆ ಗಳಿಸುತ್ತದೆ.

'ಜೆಲ್ಲಿ' ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ತಿನಿಸುಗಳಿವೆ. ಬಟ್ಟಲಲ್ಲಿ ಅಲುಗಾಡುವ ಕೆಲವು ಜೆಲ್ಲಿಗಳಲ್ಲಿ, ಕೆಲವು ಮೆತ್ತನೆಯ ಮಿಠಾಯಿಗಳಲ್ಲಿ ಜೆಲಾಟಿನ್ ಇರುತ್ತದೆ. ಅದನ್ನು ಪ್ರಾಣಿಗಳ ಚರ್ಮ, ಮೂಳೆಗಳಿಂದಲೇ ತೆಗೆಯುತ್ತಾರೆ. ಚೈನಾ ಗ್ರಾಸ್ ಹಾಕಿ ಮಾಡುವ ಜೆಲ್ಲಿ ಬೇರೆ. ಅದು ಕಡಲ ಪಾಚಿಯಿಂದ ಬರುವಂಥದ್ದು.

ಬ್ರೆಡ್ಡಿಗೆ ಸವರುವ ಹಣ್ಣಿನ ಜೆಲ್ಲಿ ಗಟ್ಟಿಯಾಗುವುದು ಪೆಕ್ಟಿನ್‌ನಿಂದ. ಇದು ಹಣ್ಣಿನ ಸಿಪ್ಪೆ, ತಿರುಳಿನಲ್ಲೇ ಇರುವ ನಾರಿನಂಥ ವಸ್ತು. ಸೀಬೆಹಣ್ಣು, ಬೆಂಗಳೂರು ನೀಲಿ ದ್ರಾಕ್ಷಿ, ನಿಂಬೆಯ ಸಿಪ್ಪೆಗಳಲ್ಲಿ ಇದು ಚೆನ್ನಾಗಿದೆ. ಮನೆಯಲ್ಲಿ ಮಾಡುವ ದ್ರಾಕ್ಷಿ ಅಥವಾ ಸೀಬೆ ಜೆಲ್ಲಿಗೆ ಜೆಲಾಟಿನ್ ಬೇಕಾಗಿಯೇ ಇಲ್ಲ. ಅಂಗಡಿಯದ್ದಾದರೆ ಪೊಟ್ಟಣದ ಮೇಲಿನ ಹಸಿರು ಅಥವಾ ಕಂದು ಗುರುತು ನೋಡಿ, ಪದಾರ್ಥಗಳ ಪಟ್ಟಿ ಓದಿ. ಫಾರ್ವರ್ಡ್‌ಗಿಂತ ಅದು ನಂಬಿಕಸ್ಥ.

ಕೆಮಿಕಲ್ ಹಾಕದೆ ಹೇಗೆ ಉಳಿಯುತ್ತದೆ?

ಮೂರು ಸಂಗತಿಗಳು ಸೇರಿ ಜೆಲ್ಲಿಯನ್ನು ಕಾಯುತ್ತವೆ: ಸಕ್ಕರೆ, ಹುಳಿ, ಬಿಸಿ.

ಉಪ್ಪಿನಕಾಯಿಯನ್ನು ಉಪ್ಪು ಕಾಯುವಂತೆ ಜೆಲ್ಲಿಯನ್ನು ಸಕ್ಕರೆ ಕಾಯುತ್ತದೆ. ಸೂಕ್ಷ್ಮಜೀವಿಗಳು ಬೆಳೆಯಲು ನೀರು ಬೇಕು. ಸಕ್ಕರೆ ಆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಣ್ಣಿಗೆ ಒದ್ದೆಯಾಗಿ ಕಂಡರೂ ಸೂಕ್ಷ್ಮಜೀವಿಗಳ ಪಾಲಿಗೆ ಅದು ಬರಗಾಲದ ನೆಲ. ಮಾರಾಟದ ಜೆಲ್ಲಿಯಲ್ಲಿ ಕರಗಿದ ಘನಾಂಶ (ಹೆಚ್ಚಿನ ಪಾಲು ಸಕ್ಕರೆ) ಕನಿಷ್ಠ ಶೇ. 65 ಇರಬೇಕೆಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮ ಮಾಡಿದೆ.

ಹುಳಿ ಎರಡು ಕೆಲಸ ಮಾಡುತ್ತದೆ. ಪೆಕ್ಟಿನ್ ಎಳೆಗಳು ಒಂದನ್ನೊಂದು ಹಿಡಿದು ಬಲೆಯಂತಾಗಲು ಹುಳಿ ಬೇಕು. ಜೊತೆಗೆ ಪಿಎಚ್ 4.6ಕ್ಕಿಂತ ಕಡಿಮೆ ಇದ್ದರೆ ಪ್ರಾಣಕ್ಕೇ ಕುತ್ತು ತರುವ ಬೊಟುಲಿಸಂ ಬ್ಯಾಕ್ಟೀರಿಯಾ ಬೆಳೆಯದು. ದ್ರಾಕ್ಷಿ ಜೆಲ್ಲಿ ಸಾಮಾನ್ಯವಾಗಿ 3ರ ಆಸುಪಾಸಿನಲ್ಲಿರುತ್ತದೆ. ಪಪ್ಪಾಯಿಗೆ ಇಷ್ಟು ಹುಳಿಯಿಲ್ಲ. ಅದರಿಂದ ಜಾಮ್ ಮಾಡುವವರು ನಿಂಬೆರಸ ಬಿಡಲೇಬಾರದು.

ಬಿಸಿಯ ಕೆಲಸ ಎಲ್ಲರಿಗೂ ಗೊತ್ತು: ಕುದಿತ ಬೂಷ್ಟನ್ನೂ ಯೀಸ್ಟನ್ನೂ ಕೊಲ್ಲುತ್ತದೆ. ಈ ಮೂರೂ ಸರಿಯಿದ್ದರೆ ಮನೆಯ ಜೆಲ್ಲಿಗೆ ಬೆಂಜೊಯೇಟ್‌ನಂಥ ಸಂರಕ್ಷಕ ಬೇಕಿಲ್ಲ.

ಸಕ್ಕರೆ ಕಡಿಮೆ ಮಾಡಿದರೆ, ಬೆಲ್ಲ ಹಾಕಿದರೆ?

ಇಲ್ಲೇ ಎರಡನೆಯ ಫಾರ್ವರ್ಡ್ ಎಡವುವುದು. ಸಕ್ಕರೆ ಅರ್ಧಕ್ಕಿಳಿಸಿದರೆ ರುಚಿಯಷ್ಟೇ ಬದಲಾಗುವುದಿಲ್ಲ, ಕಾವಲುಗಾರನನ್ನೇ ಮನೆಗೆ ಕಳಿಸಿದಂತೆ. ಅಂಥ ಜೆಲ್ಲಿ ಸರಿಯಾಗಿ ಗಟ್ಟಿಯಾಗದು. ಅದನ್ನು ಫ್ರಿಜ್ಜಿನಲ್ಲಿಟ್ಟು ಎರಡು ಮೂರು ವಾರದಲ್ಲಿ ಮುಗಿಸಬೇಕು. ಅಲಮಾರಿಯಲ್ಲಿ ವರ್ಷವಿಡೀ ಇಡುವಂತಿಲ್ಲ.

ಬೆಲ್ಲವೂ ಬಹುಪಾಲು ಸಕ್ಕರೆಯೇ. "ಬೆಲ್ಲದ ಜೆಲ್ಲಿ ಸಕ್ಕರೆ ಕಾಯಿಲೆಯವರಿಗೆ ಒಳ್ಳೆಯದು" ಎಂಬುದು ಸುಳ್ಳು. 20 ಗ್ರಾಂ ಜೆಲ್ಲಿಯಲ್ಲಿ, ಅಂದರೆ ದೊಡ್ಡ ಚಮಚದಷ್ಟರಲ್ಲಿ, ಸುಮಾರು 12-13 ಗ್ರಾಂ ಸಕ್ಕರೆ ಇರುತ್ತದೆ. ಮಧುಮೇಹ ಇರುವವರು ಈ ಲೆಕ್ಕ ನೋಡಬೇಕು.

105 ಡಿಗ್ರಿ ಬಂದರೆ ಆಯಿತೇ?

ಮೊದಲ ಸಲ ನಾನು ಜೆಲ್ಲಿ ಮಾಡಿದ್ದು ಒಂದು ವಿಡಿಯೋ ನೋಡಿ. ಥರ್ಮಾಮೀಟರ್ 105 ಡಿಗ್ರಿ ತೋರಿಸುವವರೆಗೆ ಕುದಿಸಿ ಎಂದಿತ್ತು. ಕುದಿಸಿದೆ. ಮರುದಿನ ಬಾಟಲಿಗೆ ಚಮಚ ಹಾಕಿದರೆ ಇಳಿಯಲಿಲ್ಲ. "ಇದನ್ನು ಬ್ರೆಡ್ಡಿಗೆ ಸವರೋದಲ್ಲ, ಕತ್ತರಿಸಿ ಹಂಚಬೇಕು" ಎಂದರು ಅಮ್ಮ.

ವಿಡಿಯೋ ಸುಳ್ಳು ಹೇಳಿರಲಿಲ್ಲ. ಆ ಅಳತೆ ಸಮುದ್ರಮಟ್ಟದ ಊರಿನದ್ದು, ಅಷ್ಟೇ. ಎತ್ತರ ಹೆಚ್ಚಿದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ನೀರು ಬೇಗ ಕುದಿಯುತ್ತದೆ. ಸುಮಾರು 300 ಮೀಟರಿಗೆ ಒಂದು ಡಿಗ್ರಿ ಇಳಿಯುತ್ತದೆ. ಮಂಗಳೂರಿನಲ್ಲಿ 100 ಡಿಗ್ರಿಗೆ ಕುದಿಯುವ ನೀರು 915 ಮೀಟರ್ ಎತ್ತರದ ಚಿಕ್ಕಬಳ್ಳಾಪುರದಲ್ಲಿ ಸುಮಾರು 97ಕ್ಕೇ ಕುದಿಯುತ್ತದೆ. 1450 ಮೀಟರ್ ಎತ್ತರದ ಸ್ಕಂದಗಿರಿಯ ತುದಿಯಲ್ಲಿ 95ಕ್ಕೆ.

ಸಕ್ಕರೆ ಶೇ. 65ಕ್ಕೆ ಬಂದಾಗ ಪಾಕ ಕುದಿಯುವುದು ನೀರಿಗಿಂತ 4ರಿಂದ 4.5 ಡಿಗ್ರಿ ಹೆಚ್ಚಿನಲ್ಲಿ. ಅಂದರೆ ಮಂಗಳೂರಿನಲ್ಲಿ 104-104.5, ನಮ್ಮೂರಿನಲ್ಲಿ 101-101.5. ನಾನು 105ರವರೆಗೆ ಕಾಯಿಸಿದಾಗ ಸಕ್ಕರೆ ಶೇ. 75ರ ಆಸುಪಾಸಿಗೆ ಹೋಗಿತ್ತು. ಹಾಗಾಗಿ ಯಾರೋ ಹೇಳಿದ ಸಂಖ್ಯೆ ಬೇಡ. ಮೊದಲು ನಿಮ್ಮ ಒಲೆಯ ಮೇಲೆ ಬರೀ ನೀರು ಕುದಿಸಿ ಥರ್ಮಾಮೀಟರ್ ನೋಡಿ, ಅದಕ್ಕೆ 4 ಡಿಗ್ರಿ ಸೇರಿಸಿ.

ಥರ್ಮಾಮೀಟರ್ ಇಲ್ಲವೇ? ಸೌಟನ್ನು ಓರೆಯಾಗಿ ಹಿಡಿಯಿರಿ. ಹನಿ ಹನಿಯಾಗಿ ಬೀಳುವ ಬದಲು ಎರಡು ಹನಿ ಕೂಡಿಕೊಂಡು ತೆಳು ಹಾಳೆಯಂತೆ ಜಾರಿದರೆ ಹದ ಬಂತು.

ಮಾಡುವುದು ಹೇಗೆ?

1. ಮುಕ್ಕಾಲು ಪಾಲು ಹಣ್ಣಾದ, ಕಾಲು ಪಾಲು ಸ್ವಲ್ಪ ಕಾಯಿಯಿರುವ ದ್ರಾಕ್ಷಿ ತೆಗೆದುಕೊಳ್ಳಿ. ತೀರಾ ಕಳಿತ ಹಣ್ಣಿನಲ್ಲಿ ಪೆಕ್ಟಿನ್ ಒಡೆದುಹೋಗಿರುತ್ತದೆ.

2. ತೊಳೆದು, ಹಿಸುಕಿ, ಸ್ವಲ್ಪ ನೀರು ಹಾಕಿ ಸಣ್ಣ ಉರಿಯಲ್ಲಿ 10-15 ನಿಮಿಷ ಬೇಯಿಸಿ. ಒದ್ದೆ ಮಾಡಿದ ತೆಳು ಬಟ್ಟೆಯಲ್ಲಿ ಸೋಸಿ. ಹಿಂಡಬೇಡಿ, ತಾನಾಗಿ ತೊಟ್ಟಿಕ್ಕಲಿ. ಹಿಂಡಿದರೆ ಜೆಲ್ಲಿ ಮಸುಕಾಗುತ್ತದೆ.

3. ರಸವನ್ನು ರಾತ್ರಿ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ತಳ ಕದಡದಂತೆ ಮತ್ತೆ ಸೋಸಿ. ದ್ರಾಕ್ಷಿ ಜೆಲ್ಲಿಯಲ್ಲಿ ಕೆಲವೊಮ್ಮೆ ಹರಳುಗಳು ಸಿಕ್ಕಿ "ಗಾಜಿನ ಚೂರು!" ಎಂದು ಹೆದರುವವರಿದ್ದಾರೆ. ಅದು ದ್ರಾಕ್ಷಿಯ ಟಾರ್ಟಾರಿಕ್ ಹುಳಿಯಿಂದಾದ ಹರಳು. ಹುಣಸೆಹಣ್ಣಿನಲ್ಲಿರುವುದೂ ಇದೇ ಹುಳಿ. ರಾತ್ರಿಯಿಟ್ಟು ಸೋಸಿದರೆ ಅದು ತಳದಲ್ಲೇ ಉಳಿಯುತ್ತದೆ.

4. ಒಂದು ಲೋಟ ರಸಕ್ಕೆ ಮುಕ್ಕಾಲರಿಂದ ಒಂದು ಲೋಟ ಸಕ್ಕರೆ, ಒಂದು ಚಮಚ ನಿಂಬೆರಸ. ಅಗಲವಾದ ಪಾತ್ರೆಯಲ್ಲಿ ಜೋರು ಉರಿಯಲ್ಲಿ ಹದ ಬರುವವರೆಗೆ ಕುದಿಸಿ. ಒಂದೇ ಸಲಕ್ಕೆ ಐದಾರು ಲೋಟಕ್ಕಿಂತ ಹೆಚ್ಚು ಬೇಡ. ನಿಧಾನವಾಗಿ ಬಹಳ ಹೊತ್ತು ಕುದಿದರೆ ಪೆಕ್ಟಿನ್ ಹಾಳಾಗುತ್ತದೆ.

5. ಗಾಜಿನ ಬಾಟಲಿಗಳನ್ನು ಮೊದಲೇ 10 ನಿಮಿಷ ನೀರಿನಲ್ಲಿ ಕುದಿಸಿಡಿ. ಬಾಟಲಿ ಬಿಸಿಯಿರುವಾಗಲೇ ಬಿಸಿ ಜೆಲ್ಲಿ ತುಂಬಿ, ಬಾಯಿ ಒರೆಸಿ, ಹೊಸ ಮುಚ್ಚಳ ಹಾಕಿ. ಬಹಳ ದಿನ ಇಡುವುದಾದರೆ ಮುಚ್ಚಿದ ಬಾಟಲಿಯನ್ನು ಕುದಿಯುವ ನೀರಿನಲ್ಲಿ ಮುಳುಗಿಸಿ 10 ನಿಮಿಷ ಇಡಿ. ತಗ್ಗಿನ ಊರುಗಳಿಗೆ 5 ನಿಮಿಷ ಸಾಕು. ನಮ್ಮ ಎತ್ತರಕ್ಕೆ ಹತ್ತು ಬೇಕು.

ತಂಪಾದ, ಕತ್ತಲೆಯ ಜಾಗದಲ್ಲಿಡಿ. ಮುಚ್ಚಳ ತೆರೆದ ಮೇಲೆ ಫ್ರಿಜ್ಜಿಗೆ.

ಮೇಲೆ ಬಂದ ಬೂಷ್ಟು ತೆಗೆದರೆ ತಿನ್ನಬಹುದೇ?

ಬೇಡ. ನಮ್ಮಜ್ಜಿಯೂ "ಮೇಲಿಂದು ತೆಗೆದರಾಯ್ತು" ಎನ್ನುತ್ತಿದ್ದರು. ಸಕ್ಕರೆ ಸುರಿದು ಮಾಡಿದ್ದನ್ನು ಎಸೆಯಲು ಯಾರಿಗೆ ಮನಸ್ಸು ಬರುತ್ತದೆ? ಆದರೆ ಕಣ್ಣಿಗೆ ಕಾಣುವ ಬೂಷ್ಟು ಅದರ ಒಂದು ಭಾಗ ಮಾತ್ರ. ಕೆಲವು ಬೂಷ್ಟುಗಳು ವಿಷ ಬಿಡುತ್ತವೆ. ಜೆಲ್ಲಿಯಂಥ ಮೆತ್ತನೆಯ ಪದಾರ್ಥದಲ್ಲಿ ಅದು ಕೆಳಗೂ ಇಳಿದಿರಬಹುದು. ಮತ್ತೆ ಕುದಿಸಿದರೂ ಆ ವಿಷ ಹೋಗುತ್ತದೆ ಎನ್ನುವಂತಿಲ್ಲ. ಇಡೀ ಬಾಟಲಿಯ ಜೆಲ್ಲಿ ಎಸೆಯಿರಿ. ಹುಳಿತ ವಾಸನೆ, ನೊರೆ, ಉಬ್ಬಿದ ಮುಚ್ಚಳ ಕಂಡರೂ ಅಷ್ಟೇ.

ಅದೇ ಅಜ್ಜಿ ಇನ್ನೊಂದು ಮಾತು ಹೇಳುತ್ತಿದ್ದರು: "ಭರಣಿಗೆ ಒದ್ದೆ ಸೌಟು ಹಾಕಬೇಡ." ಅದು ಪೂರ್ತಿ ನಿಜ. ಒದ್ದೆ ಚಮಚ ತಗುಲಿದ ಕಡೆ ಸಕ್ಕರೆ ತೆಳುವಾಗಿ, ಬೂಷ್ಟಿಗೆ ಬೇಕಾದಷ್ಟು ನೀರು ಸಿಗುತ್ತದೆ. ಉಪ್ಪಿನಕಾಯಿಯ ನಿಯಮವೇ ಜೆಲ್ಲಿಗೂ.

ಫಾರ್ವರ್ಡ್ ಮಾಡುವ ಮುನ್ನ

ಹಣ್ಣಿನ ಜೆಲ್ಲಿಯ ಬಗ್ಗೆ ಮುಂದಿನ ಸಲ ಸಂದೇಶ ಬಂದಾಗ ಒಂದೇ ಪ್ರಶ್ನೆ ಕೇಳಿ: ಸಕ್ಕರೆ, ಹುಳಿ, ಬಿಸಿ, ಈ ಮೂರರಲ್ಲಿ ಯಾವುದನ್ನು ಇದು ಬಿಡಿ ಎನ್ನುತ್ತಿದೆ? ಒಂದನ್ನು ಬಿಟ್ಟೂ "ವರ್ಷವಿಡೀ ಕೆಡುವುದಿಲ್ಲ" ಎಂದಿದ್ದರೆ, ಆ ಸಂದೇಶ ನಿಮ್ಮ ಫೋನಿನಲ್ಲೇ ನಿಲ್ಲಲಿ.